ಎದೆಯುಬ್ಬಿಸಿದ ಮಾತ್ರಕ್ಕೆ ಸೊಕ್ಕೇ?

ಉತ್ತರ ಕನ್ನಡದಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಯದ ಊರು ಕಡಿಮೆ. ಕಾರವಾರದ ಮಾಲಾದೇವಿ ಮೈದಾನವಿರಲಿ, ಶಿರಸಿ ಸೀಮೆಯ ಕೊಯ್ಲು ಮುಗಿದ ಗದ್ದೆಯಿರಲಿ, ಅಂಕಣದ ಸುತ್ತ ನಿಂತವರ ಬಾಯಲ್ಲಿ ಒಂದು ತೀರ್ಪು ಸಿದ್ಧವಾಗಿರುತ್ತದೆ: "ಆಟ ಚೊಲೋ ಆಡ್ತ, ಆದ್ರೆ ಸೊಕ್ಕು ರಾಶಿ." ಸ್ಮ್ಯಾಶ್ ಹೊಡೆದವನು ಎದೆ ಮುಂದೆ ಮಾಡಿ, ಗದ್ದ ಎತ್ತಿ, ಮುಷ್ಟಿ ಬಿಗಿದು ಒಂದು ಸುತ್ತು ತಿರುಗಿದ್ದೇ ಸಾಕು, ಮೊಕದ್ದಮೆ ಮುಗಿಯಿತು. ಸೊಕ್ಕನ್ನು ಕಣ್ಣಾರೆ ಕಂಡೆ ಎಂದು ಹೇಳುವವನಿಗೆ ಖಾತ್ರಿಯಿದೆ. ಆದರೆ ಅವನು ಕಂಡಿದ್ದು ಎದೆ, ಗದ್ದ, ಮುಷ್ಟಿ, ಅಷ್ಟೆ. ಸೊಕ್ಕನ್ನು ಅದಕ್ಕೆ ಸೇರಿಸಿದ್ದು ಅವನದೇ ಮಿದುಳು. ಇದು ಸಮಜಾಯಿಷಿಯ ಮಾತಲ್ಲ, ಪ್ರಯೋಗಗಳಿಂದ ಗೊತ್ತಾಗಿರುವ ಸಂಗತಿ.

2004ರ ಅಥೆನ್ಸ್ ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್‌ನ ಜೂಡೋ ಪಂದ್ಯಗಳಲ್ಲಿ, ಸೋಲು ಗೆಲುವು ನಿರ್ಧಾರವಾದ ಕೂಡಲೇ ತೆಗೆದ ಚಿತ್ರಗಳನ್ನು ಜೆಸಿಕಾ ಟ್ರೇಸಿ ಮತ್ತು ಡೇವಿಡ್ ಮ್ಯಾಟ್ಸುಮೊಟೊ ಎಂಬ ಮನೋವಿಜ್ಞಾನಿಗಳು ಅಂಗ ಅಂಗವಾಗಿ ಗುರುತು ಹಾಕಿದರು. 30ಕ್ಕೂ ಹೆಚ್ಚು ದೇಶಗಳ ಆಟಗಾರರು. ಗೆದ್ದವರ ತಲೆ ಹಿಂದಕ್ಕೆ ವಾಲಿತ್ತು, ಎದೆ ಹಿಗ್ಗಿತ್ತು, ಕೈ ಮೇಲೆದ್ದಿತ್ತು. ಹುಟ್ಟಿನಿಂದಲೇ ಕಣ್ಣು ಕಾಣದ ಆಟಗಾರರೂ ಹಾಗೆಯೇ ನಿಂತಿದ್ದರು. ಗೆದ್ದವರು ಹೇಗೆ ನಿಲ್ಲುತ್ತಾರೆಂದು ಅವರು ಟಿವಿಯಲ್ಲಾಗಲಿ ಮೈದಾನದಲ್ಲಾಗಲಿ ಎಂದೂ ನೋಡಿದವರಲ್ಲ. 2008ರಲ್ಲಿ ಪ್ರಕಟವಾದ ಈ ಅಧ್ಯಯನದ ಮುಂದೆ "ಇವೆಲ್ಲ ಕ್ರಿಕೆಟ್ ನೋಡಿ ಕಲಿತ ಚಾಳಿ" ಎಂಬ ಹಿರಿಯರ ಮಾತು ನಿಲ್ಲುವುದಿಲ್ಲ. ಕುಣಿತದ ಶೈಲಿ ನೋಡಿ ಕಲಿತದ್ದಿರಬಹುದು. ಎದೆ ಹಿಗ್ಗುವುದಕ್ಕೆ ಗುರು ಬೇಕಿಲ್ಲ.

ಹೆಮ್ಮೆಪಡುವವನು ತನ್ನನ್ನು ಆದಷ್ಟು ದೊಡ್ಡದಾಗಿ ತೋರಿಸಿಕೊಳ್ಳುತ್ತಾನೆ ಎಂದು ಡಾರ್ವಿನ್ 1872ರಲ್ಲೇ ಬರೆದಿದ್ದ. ಟ್ರೇಸಿ ಮತ್ತು ರಿಚರ್ಡ್ ರಾಬಿನ್ಸ್ ಅದಕ್ಕೆ ಸೇರಿಸಿದ್ದು ಇನ್ನೊಂದು ಎಳೆ. ಹೆಮ್ಮೆಯಲ್ಲಿ ಎರಡು ಜಾತಿ. ಒಂದು ಮಾಡಿದ ಕೆಲಸದ ಹೆಮ್ಮೆ, ಇನ್ನೊಂದು "ನಾನೇ ಹೀಗೆ" ಎಂಬ ಹಮ್ಮು. ಒಳಗಿನ ಭಾವ ಎರಡಾದರೂ ಮೈ ತೋರಿಸುವ ಚಿಹ್ನೆ ಒಂದೇ. ಬರೀ ಚಿತ್ರ ಕೊಟ್ಟು ಕೇಳಿದರೆ ನೋಡುಗರು ಅದೇ ಭಂಗಿಗೆ ಎರಡೂ ಹೆಸರನ್ನು ಕೊಡುತ್ತಾರೆ.

ಬಡಗುತಿಟ್ಟಿನ ಯಕ್ಷಗಾನ ನೋಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಭೀಮನೂ ಎದೆಯುಬ್ಬಿಸುತ್ತಾನೆ, ಕೌರವನೂ ಎದೆಯುಬ್ಬಿಸುತ್ತಾನೆ. ಇಬ್ಬರ ಹೆಜ್ಜೆಯಲ್ಲೂ ಗತ್ತು, ಇಬ್ಬರ ಕೈಯೂ ಮೀಸೆಗೆ ಹೋಗುತ್ತದೆ. ಒಬ್ಬನದು ಪರಾಕ್ರಮ, ಇನ್ನೊಬ್ಬನದು ದುರಹಂಕಾರ ಎಂದು ನಮಗೆ ತಿಳಿಯುವುದು ಭಾಗವತರ ಪದ್ಯದಿಂದ, ಅರ್ಥದ ಮಾತಿನಿಂದ, ಮೊದಲೇ ಗೊತ್ತಿರುವ ಕಥೆಯಿಂದ. ದನಿ ತೆಗೆದು, ವೇಷದ ಗುರುತು ಮರೆಸಿ, ಬರೀ ಎದೆ ಮತ್ತು ಹೆಜ್ಜೆಯನ್ನು ತೋರಿಸಿದರೆ ಪಳಗಿದ ಪ್ರೇಕ್ಷಕನೂ ತಡವರಿಸುತ್ತಾನೆ. ಮೈದಾನದ ಆಟಗಾರನಿಗೆ ಭಾಗವತರಿಲ್ಲ. ಪದ್ಯ ಹಾಡುವವರು ಅಕ್ಕಪಕ್ಕ ನಿಂತವರು.

ಆ ಪದ್ಯದಲ್ಲಿ ಏನಿರುತ್ತದೆ ಎಂಬುದೇ ಮುಖ್ಯ. ಟ್ರೇಸಿ ಮತ್ತು ಪ್ರೆನ್ 2012ರಲ್ಲಿ ತೋರಿಸಿದಂತೆ, ನೋಡುಗರು ಎರಡು ಹೆಮ್ಮೆಗಳನ್ನು ಬೇರ್ಪಡಿಸುವುದು ಗೆಲುವಿಗೆ ಹೇಳಲಾದ ಕಾರಣವನ್ನು ಹಿಡಿದು. ದುಡಿದು ಗೆದ್ದ ಎಂದು ಕೇಳಿದವರಿಗೆ ಆ ಭಂಗಿ ನ್ಯಾಯವಾದ ಹೆಮ್ಮೆಯಾಗಿ ಕಾಣುತ್ತದೆ. ಹುಟ್ಟಿನಿಂದ ಬಂದದ್ದು ಎಂದು ಕೇಳಿದವರಿಗೆ ಅದೇ ಭಂಗಿ ಹಮ್ಮಿನ ಕಡೆ ವಾಲುತ್ತದೆ.

ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಸಮುದಾಯದ ಮಕ್ಕಳನ್ನು ಆಯ್ದು ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು. 90ರ ದಶಕದಲ್ಲಿ ಅದನ್ನು ಕೈಬಿಟ್ಟಿತು. ಆಯ್ಕೆಯ ಹಿಂದಿದ್ದ ತರ್ಕ ಒಂದೇ: ಇವರ ಪೂರ್ವಜರು ಆಫ್ರಿಕಾದವರು, ಹಾಗಾಗಿ ಓಟ ಹುಟ್ಟಿನಿಂದಲೇ ಬಂದಿರುತ್ತದೆ. ಆ ತರ್ಕ ಇಂದಿಗೂ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಮೈದಾನಗಳಲ್ಲಿ "ಅವರ ರಕ್ತದಲ್ಲೇ ಓಟವಿದೆ" ಎಂಬ ಹೊಗಳಿಕೆಯಾಗಿ ಉಳಿದಿದೆ. ಕೇಳಲು ಹೊಗಳಿಕೆ, ಮಾಡುವುದು ಕಳ್ಳತನ. ಬೆಳಗಿನ ಜಾವದ ಅಭ್ಯಾಸವನ್ನೆಲ್ಲ ಒರೆಸಿಹಾಕಿ ಗೆಲುವನ್ನು ರಕ್ತದ ಖಾತೆಗೆ ಬರೆಯುತ್ತದೆ. ಮೇಲಿನ ಪ್ರಯೋಗ ಸರಿಯಾದರೆ, ಹೀಗೆ ಹೊಗಳಿಸಿಕೊಂಡ ಹುಡುಗಿ ಗೆರೆ ದಾಟಿ ಕೈ ಎತ್ತಿದಾಗ ಅದು ಸೊಕ್ಕಾಗಿ ಕಾಣುವ ಸಂಭವ ಹೆಚ್ಚು. ಇದು ನನ್ನ ಅನುಮಾನ, ಸಿದ್ದಿ ಆಟಗಾರರ ಮೇಲೆ ನಡೆದ ಪ್ರಯೋಗದ ಫಲಿತಾಂಶವಲ್ಲ. ಅಮೆರಿಕದಲ್ಲಿ ಇದಕ್ಕೆ ಹತ್ತಿರದ್ದೊಂದು ನಡೆದಿದೆ. ಎರಿಕಾ ಹಾಲ್ ಮತ್ತು ರಾಬರ್ಟ್ ಲಿವಿಂಗ್‌ಸ್ಟನ್ 2012ರಲ್ಲಿ ಅಲ್ಲಿನ ಫುಟ್‌ಬಾಲಿನ ಸಂಭ್ರಮಾಚರಣೆಗಳ ಬಗ್ಗೆ ಜನರ ಅಭಿಪ್ರಾಯ ಕೇಳಿದರು. ಕುಣಿದ ಆಟಗಾರ ಕರಿಯನಿರಲಿ, ಬಿಳಿಯನಿರಲಿ, ಸೊಕ್ಕಿನವನೆಂದೇ ಕಂಡ. ಆದರೆ ಅದಕ್ಕಾಗಿ ಸಂಬಳ ಕಡಿಮೆ ಕೊಡಬೇಕು ಎಂಬ ಶಿಕ್ಷೆ ಬಿದ್ದದ್ದು ಕರಿಯ ಆಟಗಾರನಿಗೆ ಮಾತ್ರ.

ಮೈಯ ಮಾತು ಸಾಕು, ಬಾಯಿಯ ಮಾತಿಗೆ ಬರೋಣ. ಇಲ್ಲಿ ಗೆರೆ ಇನ್ನೂ ಸ್ಪಷ್ಟವಾಗಿದೆ. ವೆರಾ ಹೊರೆನ್ಸ್, ಕಾನ್‌ಸ್ಟಂಟೈನ್ ಸೆಡಿಕಿಡಿಸ್ ಮತ್ತು ಸಂಗಡಿಗರು 2012ರಲ್ಲಿ ಹೋಲಿಸಿ ನೋಡಿದ್ದು ಇಂಥ ಮಾತುಗಳನ್ನು: "ನಾನು ಚೆನ್ನಾಗಿ ಆಡುತ್ತೇನೆ", "ನಾನು ಮೊದಲಿಗಿಂತ ಚೆನ್ನಾಗಿ ಆಡುತ್ತೇನೆ", "ನಾನು ಉಳಿದವರಿಗಿಂತ ಚೆನ್ನಾಗಿ ಆಡುತ್ತೇನೆ". ಕೇಳುಗರಿಗೆ ಕಹಿಯಾದದ್ದು ಕೊನೆಯದು. ಅದನ್ನು ಕೇಳಿದವನು "ಹಾಗಾದರೆ ನನ್ನನ್ನು ಇವನು ಕೀಳಾಗಿ ನೋಡುತ್ತಾನೆ" ಎಂದು ತನ್ನ ಕಡೆ ತಿರುಗಿಸಿಕೊಳ್ಳುತ್ತಾನೆ. ಆತ್ಮವಿಶ್ವಾಸದ ಪ್ರಮಾಣ ಹೆಚ್ಚಾಯಿತು ಎಂದು ಯಾರೂ ಸಿಟ್ಟಾಗುವುದಿಲ್ಲ, ಅದರ ಮೊನೆ ಯಾರ ಕಡೆಗಿದೆ ಎಂದು ನೋಡಿ ಸಿಟ್ಟಾಗುತ್ತಾರೆ.

ಇದನ್ನು ಎರಡು ಗೆಲುವುಗಳಲ್ಲಿ ನೋಡಬಹುದು. 2008ರ ಬೀಜಿಂಗ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರ್ ಮುಗಿಯುವ ಮೊದಲೇ ಕೈ ಚಾಚಿ, ಎದೆ ಬಡಿದುಕೊಂಡು, ವೇಗ ಇಳಿಸಿ 9.69 ಸೆಕೆಂಡಿನ ವಿಶ್ವದಾಖಲೆ ಮಾಡಿದ. ಒಲಿಂಪಿಕ್ ಸಮಿತಿಯ ಅಂದಿನ ಅಧ್ಯಕ್ಷ ಜಾಕ್ ರೋಗ್ ಇದನ್ನು ಎದುರಾಳಿಗಳಿಗೆ ತೋರಿದ ಅಗೌರವವೆಂದು ಟೀಕಿಸಿದರು. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನೀರಜ್ ಚೋಪ್ರಾ ಭರ್ಜಿ ನೆಲಕ್ಕೆ ಬೀಳುವ ಮೊದಲೇ ಬೆನ್ನು ತಿರುಗಿಸಿ ಪ್ರೇಕ್ಷಕರ ಕಡೆ ಕೈ ಎತ್ತಿದರು. 88.17 ಮೀಟರ್, ಚಿನ್ನ. ಫಲಿತಾಂಶ ಬರುವ ಮೊದಲೇ ಸಂಭ್ರಮಿಸಿದ್ದು ಇಬ್ಬರೂ. ನಮ್ಮಲ್ಲಿ ನೀರಜ್‌ಗೆ ಸೊಕ್ಕಿನ ಪಟ್ಟ ಸಿಗಲಿಲ್ಲ. ನಮ್ಮವರೆಂಬ ಅಭಿಮಾನ ಒಂದು ಪಾಲು, ಒಪ್ಪೋಣ. ಉಳಿದ ಪಾಲು ಆಟದ ಸ್ವರೂಪದ್ದು: ಭರ್ಜಿ ಎಸೆಯುವಾಗ ಪಕ್ಕದ ಲೇನ್‌ನಲ್ಲಿ ಸೋಲುತ್ತಿರುವ ಮನುಷ್ಯ ಇರುವುದಿಲ್ಲ. ಜೊತೆಗೆ ಮುಗಿದ ಮೇಲೆ ಬೆಳ್ಳಿ ಗೆದ್ದ ಪಾಕಿಸ್ತಾನದ ಅರ್ಷದ್ ನದೀಮ್ ಅವರನ್ನು ನೀರಜ್ ತಾವೇ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಚಿತ್ರ ತೆಗೆಸಿಕೊಂಡರು.

ಪ್ರಾಚೀನ ಅಥೆನ್ಸಿನವರು ಈ ವಿಷಯದಲ್ಲಿ ನಮಗಿಂತ ಚುರುಕು. ಅಲ್ಲಿ ಸೊಕ್ಕಿನ ನಡತೆಗೆ ಮೊಕದ್ದಮೆ ಹೂಡಬಹುದಿತ್ತು, ಆದರೆ ಎದೆಯುಬ್ಬಿಸಿದ್ದಕ್ಕಲ್ಲ, ಇನ್ನೊಬ್ಬನನ್ನು ಹೀನಾಯ ಮಾಡಿ ಸುಖಪಟ್ಟಿದ್ದಕ್ಕೆ. ವಾಗ್ಮಿ ಡೆಮಾಸ್ತನಿಸ್ ಬರೆದುಕೊಟ್ಟ ಒಂದು ವಾದದಲ್ಲಿ, ಕಾನನ್ ಎಂಬಾತ ಒಬ್ಬ ಯುವಕನನ್ನು ಹೊಡೆದು ಕೆಡವಿ, ಅವನ ಮುಂದೆಯೇ ಗೆದ್ದ ಹುಂಜದಂತೆ ಕೂಗಿದ, ಮೊಣಕೈಗಳನ್ನು ರೆಕ್ಕೆಯಂತೆ ಬಡಿ ಎಂದು ಸಂಗಡಿಗರು ಹುರಿದುಂಬಿಸಿದ ವಿವರವಿದೆ. ಕೋಳಿ ಅಂಕ ನೋಡಿದ ಕರಾವಳಿಯವರಿಗೆ ಆ ಭಂಗಿ ಪರಿಚಿತವೇ. ಆಪಾದನೆಗೆ ಬಲ ಬಂದದ್ದು ಕುಣಿತದಿಂದಲ್ಲ, ಬಿದ್ದವನ ಮೈಮೇಲೆ ನಿಂತು ಕುಣಿದದ್ದರಿಂದ.

ಗೆಲುವಿನ ಕಾರಣ ಬದಲಾದರೆ ಅದೇ ಭಂಗಿ ಬೇರೆಯಾಗಿ ಕಾಣುತ್ತದೆ ಎಂಬುದರಲ್ಲಿ ಅನುಮಾನವಿರುವ ಕ್ರೀಡಾ ಶಿಕ್ಷಕರು ಇದನ್ನು ತಾವೇ ಪರೀಕ್ಷಿಸಬಹುದು. ಆಟಗಾರನ ಒಪ್ಪಿಗೆ ಪಡೆದು, ಮೊಬೈಲನ್ನು ಕಂಬಕ್ಕೆ ಕಟ್ಟಿ, ಅಂಕ ಬಂದ ಕ್ಷಣದಿಂದ 3 ಸೆಕೆಂಡಿನ ದೃಶ್ಯ ಕತ್ತರಿಸಿಕೊಳ್ಳಿ. ದನಿ ತೆಗೆಯಿರಿ. ಎದುರು ತಂಡ ಮತ್ತು ಅಂಕಫಲಕ ಚೌಕಟ್ಟಿನಲ್ಲಿ ಬಾರದಿರಲಿ. 40 ಜನರನ್ನು ನಾಣ್ಯ ಚಿಮ್ಮಿ ಎರಡು ಗುಂಪು ಮಾಡಿ. ಒಂದು ಗುಂಪಿಗೆ "ಈತ ವರ್ಷವಿಡೀ ದಿನಾ ನೂರು ಸ್ಮ್ಯಾಶ್ ಅಭ್ಯಾಸ ಮಾಡಿದವನು" ಎಂದೂ ಇನ್ನೊಂದಕ್ಕೆ "ಈತನಿಗೆ ಇದು ಹುಟ್ಟಿನಿಂದಲೇ ಬಂದದ್ದು" ಎಂದೂ ಹೇಳಿ, ಹೆಮ್ಮೆಗೆ ಒಂದು, ಸೊಕ್ಕಿಗೆ ಒಂದು, 1ರಿಂದ 7ರವರೆಗೆ ಅಂಕ ಬರೆಸಿ. ಎಡವಟ್ಟಾಗುವುದು ಮೂರು ಕಡೆ. ನೋಡುವವರಿಗೆ ಆಟಗಾರನ ಪರಿಚಯವಿದ್ದರೆ ನಿಮ್ಮ ವಾಕ್ಯಕ್ಕಿಂತ ಅವರ ಹಳೆಯ ಲೆಕ್ಕಾಚಾರವೇ ಮಾತಾಡುತ್ತದೆ, ಆದ್ದರಿಂದ ಅಂಕೋಲೆಯ ದೃಶ್ಯವನ್ನು ಸಿದ್ದಾಪುರದಲ್ಲಿ ತೋರಿಸಿ. ಒಬ್ಬನಿಗೇ ಎರಡೂ ವಾಕ್ಯ ಹೇಳಿದರೆ ನಿಮಗೇನು ಬೇಕೆಂದು ಊಹಿಸಿಬಿಡುತ್ತಾನೆ. ಗುಂಪಾಗಿ ಕೂರಿಸಿದರೆ ಮೊದಲು ಬಾಯಿಬಿಟ್ಟವನ ಅಂಕವನ್ನೇ ಎಲ್ಲರೂ ಬರೆಯುತ್ತಾರೆ. 40 ಜನರಲ್ಲಿ ದೊಡ್ಡ ವ್ಯತ್ಯಾಸ ಮಾತ್ರ ಕಾಣುತ್ತದೆ, ಅರ್ಧ ಅಂಕದ ಅಂತರ ಬಂದರೆ ಏನೂ ತೀರ್ಮಾನಿಸಬೇಡಿ.

ಇನ್ನೊಂದು ದೂರು: "ಆಟಕ್ಕಿಳಿದರೆ ಗುರುತಿನವರ ಮುಖವನ್ನೂ ನೋಡುವುದಿಲ್ಲ." ರೆಫರಿ ಸೀಟಿ ಊದಿದ ಮೇಲೆ ಸರ್ವ್ ಮಾಡಲು ಇರುವುದು 8 ಸೆಕೆಂಡು. ಕ್ರೀಡಾ ವಿಜ್ಞಾನಿ ಜೋನ್ ವಿಕರ್ಸ್ 1990ರ ದಶಕದಿಂದ ನಡೆಸಿದ ಕಣ್ಣೋಟದ ಅಧ್ಯಯನಗಳ ಪ್ರಕಾರ, ಪಳಗಿದ ಆಟಗಾರರ ದೃಷ್ಟಿ ಕ್ರಿಯೆಗೆ ಮುಂಚೆ ಒಂದೇ ಬಿಂದುವಿನ ಮೇಲೆ ಹೆಚ್ಚು ಹೊತ್ತು ನೆಟ್ಟಿರುತ್ತದೆ. ಆಗ ಮುಖದಲ್ಲಿ ನಗುವೂ ಇರುವುದಿಲ್ಲ, ಉತ್ತರವೂ ಇರುವುದಿಲ್ಲ. ಗತ್ತು ಎನಿಸಿದ್ದು ಗಮನ.

ಈಗ ನನಗೆ ಎಲ್ಲಕ್ಕಿಂತ ಕಿರಿಕಿರಿಯ ನಂಬಿಕೆ: ಗೆಲ್ಲುತ್ತೇನೆಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ, ಜಂಭ ಕೊಚ್ಚಿದವನು ಮರುದಿನ ಬೀಳುತ್ತಾನೆ. ಇದಕ್ಕೆ ಪುರಾವೆ ಎಲ್ಲರ ಬಳಿಯೂ ಇದೆ, ಅದೇ ತೊಂದರೆ. ಸರಾಸರಿ 10 ಸರ್ವ್‌ಗಳಲ್ಲಿ 6 ಸರಿ ಹಾಕುವ ಆಟಗಾರನನ್ನು ತೆಗೆದುಕೊಳ್ಳಿ. ಅವನಿಗೆ ಒಂದು ದಿನ 9 ಅಥವಾ 10 ಸರಿ ಬೀಳುವ ಸಂಭವ ಶೇ. 5ಕ್ಕಿಂತ ತುಸು ಕಡಿಮೆ. ಜಂಭ ಕೊಚ್ಚುವುದು ಯಾವತ್ತು? ಅಂಥ ದಿನವೇ. ಮರುದಿನ 9ಕ್ಕಿಂತ ಕೆಳಗಿಳಿಯುವ ಸಂಭವ ಶೇ. 95ಕ್ಕೂ ಹೆಚ್ಚು, ಅವನು ಕೊಚ್ಚಿಕೊಳ್ಳಲಿ, ಬಾಯಿಗೆ ಬೀಗ ಹಾಕಿಕೊಳ್ಳಲಿ, ಕಾಲಿಗೆ ಕಪ್ಪು ದಾರ ಕಟ್ಟಲಿ. ಸಾಧಾರಣ ಆಡಿದ ದಿನ ಯಾರೂ ಜಂಭ ಪಡುವುದಿಲ್ಲ, ಹಾಗಾಗಿ ಜಂಭದ ನಂತರ ಏರಿಕೆ ಕಾಣಸಿಗುವುದೇ ಇಲ್ಲ. ಸರಾಸರಿಯ ಕಡೆಗಿನ ಈ ಜಾರುವಿಕೆಯನ್ನು ಫ್ರಾನ್ಸಿಸ್ ಗಾಲ್ಟನ್ 1880ರ ದಶಕದಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆಯುತ್ತ ಕಂಡುಕೊಂಡ. ನೂರು ಚಿಲ್ಲರೆ ವರ್ಷ ಕಳೆದರೂ ನಾವು ಅದನ್ನು ದೃಷ್ಟಿಯ ಖಾತೆಗೇ ಹಾಕುತ್ತಿದ್ದೇವೆ. ನಷ್ಟ ಮಾತ್ರ ನಿಜದ್ದು: ತನ್ನ ಸಾಮರ್ಥ್ಯವನ್ನು ಬಾಯಿಬಿಟ್ಟು ಹೇಳಲು ಹೆದರುವ ಹುಡುಗಿ ಆಯ್ಕೆ ಶಿಬಿರದಲ್ಲೂ "ಪರವಾಗಿಲ್ಲ ಸರ್, ಸ್ವಲ್ಪ ಆಡ್ತೇನೆ" ಎನ್ನುತ್ತಾಳೆ, ಆಯ್ಕೆದಾರರು ಅದನ್ನು ನಿಜವೆಂದೇ ಬರೆದುಕೊಳ್ಳುತ್ತಾರೆ.

ಹಾಗೆಂದು ಸೋಗಿನ ವಿನಯ ಕಲಿಸಬೇಡಿ. "ನಂಗೇನೂ ಬರೂದಿಲ್ಲ, ಆದ್ರೂ ಯಾಕೋ ಎಲ್ರೂ ನನ್ನೇ ಕ್ಯಾಪ್ಟನ್ ಮಾಡ್ತಾರೆ" ಎಂಬಂಥ ದೂರಿನ ಮರೆಯ ಬಡಾಯಿ ನೇರ ಬಡಾಯಿಗಿಂತ ಕೆಟ್ಟ ಅಭಿಪ್ರಾಯ ಮೂಡಿಸುತ್ತದೆ ಎಂದು ಸೆಜರ್, ಜೀನೋ ಮತ್ತು ನಾರ್ಟನ್ 2018ರಲ್ಲಿ ತೋರಿಸಿದ್ದಾರೆ. ಕಲಿಸಬೇಕಾದ್ದು ಕಾರಣವನ್ನು ವಿವರವಾಗಿ ಹೇಳುವುದನ್ನು: "ಜಂಪ್ ಸರ್ವ್‌ಗೆ ಚೆಂಡು ಎಸೆಯುವಾಗ ತಲೆಯ ಹಿಂದೆ ಬೀಳ್ತಿತ್ತು. ಆರು ತಿಂಗಳು ಅದನ್ನೇ ತಿದ್ದಿದೆ, ಈಗ ಬಲಭುಜದ ಮುಂದೆ ಬೀಳ್ತದೆ. ನಾಳೆಯೂ ಬೀಳ್ತದೆ." ಇದರಲ್ಲಿ ಆತ್ಮವಿಶ್ವಾಸಕ್ಕೆ ಕೊರತೆಯಿಲ್ಲ, ಆದರೆ ಹೋಲಿಕೆ ಇರುವುದು ಹಳೆಯ ತನ್ನೊಂದಿಗೆ.

ಮೈಗೆ ಕಲಿಸುವುದು ಇನ್ನೂ ಸುಲಭ. ಎದೆ ಹಿಗ್ಗುವುದನ್ನು ತಡೆಯಲು ಹೋಗಬೇಡಿ, ದಿಕ್ಕು ಬದಲಿಸಿ. ಬ್ಲಾಕ್ ಮಾಡಿ ನೆಲಕ್ಕಿಳಿದ ಕೂಡಲೇ ನೆಟ್ಟಿಗೆ ಬೆನ್ನು ಹಾಕಿ, ಎರಡು ಹೆಜ್ಜೆ ಒಳಗೆ ಬಂದು, ಕೂಗುವುದೆಲ್ಲ ತನ್ನ ತಂಡದವರ ಮುಖ ನೋಡಿ ಕೂಗಲಿ. ಪಾಸ್ ಕೊಟ್ಟವನ ಕಡೆ, ಸೆಟ್ ಎತ್ತಿಕೊಟ್ಟವನ ಕಡೆ ಕೈ ತೋರಿಸಲಿ. ಅಭ್ಯಾಸದಲ್ಲೇ ಇದನ್ನು ರೂಢಿ ಮಾಡಿಸಬೇಕು, ಏಕೆಂದರೆ ಪಂದ್ಯದ ಬಿಸಿಯಲ್ಲಿ ತಿರುಗುವ ದಿಕ್ಕನ್ನು ಯೋಚಿಸಿ ಆರಿಸುವಷ್ಟು ಪುರುಸೊತ್ತಿರುವುದಿಲ್ಲ. ನೆಟ್ಟಿನ ಆಚೆ ಮುಖ ಮಾಡಿ ಅದೇ ಕೂಗು ಹಾಕಿ, ರೆಫರಿ ಅದನ್ನು ಅಸಭ್ಯ ವರ್ತನೆ ಎಂದು ಕೆಂಪು ಕಾರ್ಡು ಎತ್ತಿದರೆ, ಎದುರು ತಂಡಕ್ಕೆ ಒಂದು ಅಂಕವೂ ಹೋಗುತ್ತದೆ, ಸರ್ವಿಸೂ ಹೋಗುತ್ತದೆ.