ಲಿವರ್ ಕ್ಯಾನ್ಸರ್ ಹುಡುಕುವ ಎಮ್‌ಆರ್‌ಐ: ಜಾಸ್ತಿ ಕಂಡರೆ ಸಾಕೇ?

ಸಾಮಾನ್ಯವಾಗಿ ಗಡ್ಡೆಯ ಚೂರು ತೆಗೆದು ಪರೀಕ್ಷಿಸದೆ ಡಾಕ್ಟರು ಕ್ಯಾನ್ಸರ್ ಎಂದು ಹೇಳುವುದಿಲ್ಲ. ಲಿವರ್ ಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್‌ಗೆ ಒಂದು ವಿನಾಯಿತಿ ಇದೆ. ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ, ಆಗಿರುವವರಲ್ಲಿ ಸ್ಕ್ಯಾನ್ ನೋಡಿಯೇ ತೀರ್ಮಾನ ಮಾಡಬಹುದು. ಯಾವ ಬಗೆಯ ಎಮ್‌ಆರ್‌ಐ ಮೇಲು ಎಂಬ ಚರ್ಚೆ ಇಷ್ಟು ಬಿರುಸಾಗಿರುವುದಕ್ಕೆ ಇದೂ ಒಂದು ಕಾರಣ.

ಲಿವರ್‌ಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಮುಕ್ಕಾಲು ಪಾಲು ಕರುಳಿನ ಕಡೆಯ ಪೋರ್ಟಲ್ ರಕ್ತನಾಳದಿಂದ, ಉಳಿದದ್ದು ಅಪಧಮನಿಯಿಂದ. ಆದರೆ ಬೆಳೆದ ಕ್ಯಾನ್ಸರ್ ಗಡ್ಡೆ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ಹೀರುತ್ತದೆ. ಎಮ್‌ಆರ್‌ಐ ಚಿತ್ರದಲ್ಲಿ ಹೊಳಪು ತರುವ ಗ್ಯಾಡೊಲಿನಿಯಂ ಇಂಜೆಕ್ಷನ್ ಕೊಟ್ಟರೆ ಗಡ್ಡೆ ಮೊದಲು ಹೊಳೆಯುತ್ತದೆ, ಆಮೇಲೆ ಸುತ್ತಲಿನ ಲಿವರ್‌ಗಿಂತ ಮಂಕಾಗುತ್ತದೆ. ಈ ಔಷಧಕ್ಕೆ ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತ್ತು. 2000ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಯುರೋಪಿನ ಲಿವರ್ ತಜ್ಞರು ಬಯಾಪ್ಸಿ ಇಲ್ಲದೆಯೂ ರೋಗ ಗುರುತಿಸಬಹುದು ಎಂದರು. 2005ರ ಅಮೆರಿಕದ ಮಾರ್ಗಸೂಚಿ ಹೊಳಪಿನ ಜೊತೆ ಮಂಕಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ನಡುವೆ ಕಬ್ಬಿಣದ ಕಣಗಳ ಔಷಧವೂ ಬಂದು ಹೋಯಿತು. ಲಿವರ್‌ನಲ್ಲಿ ಕಸ ನುಂಗುವ ಕುಪ್ಫರ್ ಕೋಶಗಳು ಕಬ್ಬಿಣ ನುಂಗಿ ಕಪ್ಪಾಗುತ್ತಿದ್ದವು, ಗಡ್ಡೆ ಬೆಳ್ಳಗೆ ಉಳಿಯುತ್ತಿತ್ತು. ಉಪಾಯ ಚೆನ್ನಾಗಿತ್ತು. ಆದರೆ 1996ರಲ್ಲಿ ಅಮೆರಿಕಕ್ಕೆ ಬಂದ ಔಷಧವನ್ನು ನಿಧಾನವಾಗಿ ಡ್ರಿಪ್‌ನಲ್ಲಿ ಕೊಡಬೇಕಿತ್ತು. ಆ ಮೊದಲ ಹೊಳಪೇ ಕೈತಪ್ಪುತ್ತಿತ್ತು.

ನಿಜವಾದ ತಿರುವು ಗ್ಯಾಡಾಕ್ಸೆಟೇಟ್, ಗ್ಯಾಡೊಲಿನಿಯಂನದೇ ಇನ್ನೊಂದು ಬಗೆ. ಯುರೋಪಿನಲ್ಲಿ ಪ್ರಿಮೊವಿಸ್ಟ್ ಹೆಸರಿನ ಈ ಔಷಧ 2008ರಲ್ಲಿ ಅಮೆರಿಕಕ್ಕೂ ಬಂತು. ಇದರಲ್ಲಿ ಸುಮಾರು ಅರ್ಧವನ್ನು ಲಿವರ್ ಕೋಶಗಳೇ ಹೀರಿ ಪಿತ್ತಕ್ಕೆ ಬಿಡುತ್ತವೆ. ಇಪ್ಪತ್ತು ನಿಮಿಷ ಕಾದು ಚಿತ್ರ ತೆಗೆದರೆ ಲಿವರ್ ಬೆಳಗಿರುತ್ತದೆ, ಹೀರಲಾರದ ಗಂಟು ಕಪ್ಪಾಗಿ ಕಾಣುತ್ತದೆ. ಒಂದು ಸೆಂಟಿಮೀಟರಿನ ಆಸುಪಾಸಿನ ಗಂಟುಗಳೂ ಸಿಗತೊಡಗಿದವು.

ತೊಂದರೆ ಇಲ್ಲೇ ಶುರು. ಇನ್ನೂ ಕ್ಯಾನ್ಸರ್ ಆಗದ ಕೆಲವು ಗಂಟುಗಳೂ ಕಪ್ಪಾಗುತ್ತವೆ. ಕೆಲವು ಕ್ಯಾನ್ಸರ್ ಗಡ್ಡೆಗಳು ಔಷಧ ಹೀರಿಬಿಡುತ್ತವೆ. ಡೋಸ್ ಮಾಮೂಲಿ ಗ್ಯಾಡೊಲಿನಿಯಂನ ಕಾಲು ಭಾಗ, ಹಾಗಾಗಿ ಮೊದಲ ಹೊಳಪು ಸ್ವಲ್ಪ ಪೇಲವ. ಸರಿಯಾಗಿ ಆ ಹೊತ್ತಿಗೇ ಕೆಲವರಿಗೆ ಉಸಿರು ಹಿಡಿಯಲಾಗದೆ ಚಿತ್ರ ಅಲುಗಾಡುತ್ತದೆ.

ಹಾಗಾಗಿ ದೇಶಗಳ ದಾರಿ ಬೇರೆಯಾಯಿತು. ಜಪಾನ್, ಕೊರಿಯಾ ಆ ತಡವಾದ ಚಿತ್ರಕ್ಕೆ ತೂಕ ಕೊಟ್ಟವು. ಲಿವರ್ ಸ್ಕ್ಯಾನ್ ನೋಡಿ ತೀರ್ಪು ಕೊಡುವ ಅಮೆರಿಕದ ಲೈ-ರಾಡ್ಸ್ ಪದ್ಧತಿ ಅದನ್ನು ಪೂರಕ ಸುಳಿವು ಎಂದಷ್ಟೇ ಇಟ್ಟುಕೊಂಡಿತು. ನೀರಿನ ಕಣಗಳ ಓಡಾಟ ಅಳೆಯುವ ಡಿಫ್ಯೂಷನ್ ಚಿತ್ರಕ್ಕೂ ಅಲ್ಲಿ ಅದೇ ಸ್ಥಾನ. ಅಲ್ಲಿ ಚಿತ್ರದ ತೀರ್ಪಿನ ಮೇಲೆಯೇ ಲಿವರ್ ಕಸಿಯ ಸರದಿ ನಿಲ್ಲಬಹುದು. ದಾನದ ಲಿವರ್ ಸಿಗುವುದೇ ಕಷ್ಟ, ತಪ್ಪು ತೀರ್ಪಿನ ಬೆಲೆ ದೊಡ್ಡದು ಅಲ್ವಾ? ನನ್ನ ಮಟ್ಟಿಗೆ ಈ ಬಿಗಿ ಸರಿ. ಹುಡುಕುವಾಗ ಮಾತ್ರ ಸಡಿಲ ಬಿಡಬಹುದು.

ಹುಡುಕುವ ವಿಷಯದಲ್ಲಿ 2017ರ ಕೊರಿಯಾದ ಅಧ್ಯಯನ ಕಣ್ಣು ತೆರೆಸುವಂತಿದೆ. ಸಿರೋಸಿಸ್ ಇದ್ದ 407 ಜನರಿಗೆ ಎಮ್‌ಆರ್‌ಐ, ಅಲ್ಟ್ರಾಸೌಂಡ್ ಎರಡೂ ಪರೀಕ್ಷೆ ಮಾಡಿದರು. 43 ಜನರಲ್ಲಿ ಕ್ಯಾನ್ಸರ್ ಇತ್ತು. ಗ್ಯಾಡಾಕ್ಸೆಟೇಟ್ ಎಮ್‌ಆರ್‌ಐ 37 ಜನರಲ್ಲಿ ಹಿಡಿಯಿತು, ಅಲ್ಟ್ರಾಸೌಂಡ್ 12 ಜನರಲ್ಲಿ.

ಆದರೆ ಆರು ತಿಂಗಳಿಗೊಮ್ಮೆ ಎಲ್ಲರಿಗೂ ಪೂರ್ತಿ ಎಮ್‌ಆರ್‌ಐ ಮಾಡುವಷ್ಟು ಮೆಷಿನ್ ಯಾರ ಬಳಿ ಇದೆ? ಅದಕ್ಕೇ ಈಗ ಹತ್ತು ಹದಿನೈದು ನಿಮಿಷದ ಚಿಕ್ಕ ಸ್ಕ್ಯಾನ್ ಇನ್ನೂ ಪ್ರಯೋಗದ ಹಂತದಲ್ಲಿದೆ. ಒಂದು ಬಗೆಯಲ್ಲಿ ಇಂಜೆಕ್ಷನ್ನೇ ಬೇಡ. ಅನುಮಾನ ಬಂದವರನ್ನು ಆಮೇಲೆ ಪೂರ್ತಿ ಸ್ಕ್ಯಾನ್‌ಗೆ ಕಳಿಸಿದರಾಯಿತು.