ಹೊಸದು ಬರಲಿ, ಮಗು ಕಾಯಬಾರದು

"ಜೀನ್ ಥೆರಪಿ ಬಂದೈತಂತಲ್ರಿ ಮೇಡಂ, ಇನ್ನೆರಡು ವರ್ಷ ತಡೆದ್ರೆ ಆಪರೇಷನ್ನೇ ಬ್ಯಾಡಂತೆ?" ದಾವಣಗೆರೆಯಲ್ಲಿ ಶ್ರವಣ ತಜ್ಞೆಯಾಗಿರುವ ನನಗೆ ಈಗೀಗ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು. ಕೇಳುವವರು ಜಗಳೂರು, ಹೊಸದುರ್ಗ, ಚಳ್ಳಕೆರೆ ಕಡೆಯಿಂದ ಬಸ್ ಹಿಡಿದು ಬಂದ ತಂದೆತಾಯಿ. ಮಡಿಲಲ್ಲಿ ಹುಟ್ಟಿನಿಂದಲೇ ಕಿವಿ ಕೇಳದ ಮಗು. ಅವರು ಮುಂದೂಡಲು ನೋಡುವ ಆಪರೇಷನ್ ಕಾಕ್ಲಿಯರ್ ಇಂಪ್ಲಾಂಟಿನದು: ಸದ್ದನ್ನು ವಿದ್ಯುತ್ ಸಂಕೇತವಾಗಿಸಿ ಶ್ರವಣನರಕ್ಕೆ ನೇರವಾಗಿ ಮುಟ್ಟಿಸುವ ಸಾಧನವನ್ನು ಒಳಕಿವಿಯಲ್ಲಿ ಕೂರಿಸುವುದು.

ಸುದ್ದಿ ನಿಜವೇ. ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ರೋಮಕೋಶದಿಂದ ನರಕ್ಕೆ ಸಂದೇಶ ದಾಟಿಸಲು ಒಟೋಫರ್ಲಿನ್ ಎಂಬ ಪ್ರೋಟೀನ್ ಬೇಕು. ಅದರ ಜೀನ್ ಕೆಟ್ಟ ಆರು ಮಕ್ಕಳಿಗೆ ಚೀನಾದಲ್ಲಿ ಸರಿಯಾದ ಜೀನ್ ಸೇರಿಸಿದರು. ಐವರಿಗೆ ಕೇಳಿಸತೊಡಗಿತು. 2024ರ ಜನವರಿಯಲ್ಲಿ ಆ ಫಲಿತಾಂಶ ಪ್ರಕಟವಾದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಹುಟ್ಟುಕಿವುಡಿಗೆ ಕಾರಣವಾಗುವ ಹತ್ತಾರು ಜೀನ್‌ಗಳಲ್ಲಿ ಒಟೋಫರ್ಲಿನ್ ಒಂದು. ಅದರ ಪಾಲು ಸಣ್ಣದು.

ವಿಜ್ಞಾನ, ತಂತ್ರಜ್ಞಾನದ ಬಲದಿಂದ ಮನುಷ್ಯ ತನ್ನ ದೇಹದ ಮಿತಿಗಳನ್ನು ಮೀರಬಹುದು, ಮೀರಬೇಕು ಎನ್ನುವ ಆಶಾವಾದಕ್ಕೆ ಟ್ರಾನ್ಸ್‌ಹ್ಯೂಮನಿಸಂ ಎಂಬ ಹೆಸರಿದೆ. ಯುನೆಸ್ಕೋದ ಮೊದಲ ಮಹಾನಿರ್ದೇಶಕರಾಗಿದ್ದ ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ 1957ರಲ್ಲಿ ಈ ಹೆಸರಿನ ಪ್ರಬಂಧ ಪ್ರಕಟಿಸಿದರು. 1998ರಲ್ಲಿ ನಿಕ್ ಬೋಸ್ಟ್ರಂ, ಡೇವಿಡ್ ಪಿಯರ್ಸ್ ಸೇರಿ ಅದಕ್ಕೊಂದು ವಿಶ್ವಸಂಘ ಕಟ್ಟಿದರು. ಮುಪ್ಪು ತಡೆಯುವುದು, ಮಿದುಳನ್ನು ಕಂಪ್ಯೂಟರಿಗೆ ಜೋಡಿಸುವುದು ಮುಂತಾದ ದೊಡ್ಡ ಮಾತುಗಳೆಲ್ಲ ಈ ಬಳಗದವು. ಆ ಆಶಾವಾದವನ್ನು ನಾನೂ ನಂಬುತ್ತೇನೆ. ನಂಬದೆ ಈ ಕೆಲಸ ಮಾಡಲಾಗದು.

ಯಾಕೆಂದರೆ ಅದೇ 1957ರಲ್ಲಿ, ಪ್ಯಾರಿಸ್ಸಿನಲ್ಲಿ, ಜೂರ್ನೋ ಮತ್ತು ಎರಿಯೆಸ್ ಎಂಬಿಬ್ಬರು ಎರಡೂ ಕಿವಿಯ ಶ್ರವಣ ಕಳೆದುಕೊಂಡ ರೋಗಿಯೊಬ್ಬನ ಶ್ರವಣನರಕ್ಕೆ ನೇರವಾಗಿ ವಿದ್ಯುತ್ ಹಾಯಿಸಿದರು. ಅವನಿಗೆ ಜೀರುಂಡೆ ಕೂಗಿದಂಥ ಸದ್ದು ಕೇಳಿಸಿತು. ಆ ಸಾಧನ ಬಹಳ ದಿನ ಬಾಳಲಿಲ್ಲ. 1978ರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ ಅನೇಕ ಎಲೆಕ್ಟ್ರೋಡುಗಳ, ಅಂದರೆ ನರಕ್ಕೆ ವಿದ್ಯುತ್ ಮುಟ್ಟಿಸುವ ಬಿಂದುಗಳ, ಕಾಕ್ಲಿಯರ್ ಇಂಪ್ಲಾಂಟ್ ಕೂರಿಸಿದರು. ಅವರ ತಂದೆಗೇ ಕಿವಿ ಮಂದವಿತ್ತು. ಇಂದು ನಮ್ಮ ಮಕ್ಕಳ ತಲೆಯ ಮೇಲೆ ಗುಂಡಗೆ ಅಂಟಿಕೊಂಡಿರುವ ಕಾಯಿಲ್, ಸದ್ದನ್ನು ಹಿಡಿದು ಸಂಕೇತವಾಗಿಸುವ ಕಿವಿಯ ಹಿಂದಿನ ಪ್ರೊಸೆಸರ್ ಎಲ್ಲ ಆ ವಂಶದವೇ.

ಲೆಕ್ಕ ನೋಡಿ. ಮನುಷ್ಯನ ಒಂದು ಕಿವಿಯಲ್ಲಿ ಸದ್ದನ್ನು ನರಕ್ಕೆ ತಲುಪಿಸುವ ಒಳ ರೋಮಕೋಶಗಳೇ ಸುಮಾರು 3,500. ಇಂಪ್ಲಾಂಟಿನಲ್ಲಿರುವ ಎಲೆಕ್ಟ್ರೋಡುಗಳು 12ರಿಂದ 22. ಇಷ್ಟು ಬಡ ಸಂಕೇತದಿಂದ ಮಾತು ಅರ್ಥವಾಗುವುದಾದರೂ ಹೇಗೆ? ಉಳಿದದ್ದನ್ನು ಮಿದುಳು ತುಂಬಿಕೊಳ್ಳುತ್ತದೆ. ಅದಕ್ಕೂ ವಯಸ್ಸಿದೆ. ಮೊದಲ ಮೂರು ವರ್ಷ ಕೇಳುವ ಭಾಗಕ್ಕೆ ಕೆಲಸವಿಲ್ಲದಿದ್ದರೆ ಮಿದುಳು ಆ ಜಾಗವನ್ನು ನೋಟ, ಸ್ಪರ್ಶದಂಥ ಬೇರೆ ಕೆಲಸಕ್ಕೆ ಹಚ್ಚತೊಡಗುತ್ತದೆ. ಏಳೆಂಟು ವರ್ಷಕ್ಕೆ ಇಂಪ್ಲಾಂಟ್ ಹಾಕಿದರೆ ಸದ್ದು ಕೇಳಿಸುತ್ತದೆ, ಮಾತು ಹಿಡಿಯುವುದು ಬಹಳ ಕಷ್ಟ. "ಇವರಪ್ಪನೂ ತಡವಾಗೇ ಮಾತಾಡಿದ್ದು, ಇವನೂ ಆಡ್ತಾನ ಬಿಡ್ರಿ" ಎಂದು ಅಜ್ಜಿ ಕಾಯುವುದೂ, ಹೊಸ ಚಿಕಿತ್ಸೆ ಬರುತ್ತದೆಂದು ಓದಿದ ಅಪ್ಪ ಕಾಯುವುದೂ ಮಗುವಿನ ಪಾಲಿಗೆ ಒಂದೇ.

ಆಪರೇಷನ್ ಆದಮೇಲಿನ ಕೆಲಸವನ್ನು ಹತ್ತಿರದಿಂದ ತೋರಿಸುತ್ತೇನೆ. ಪ್ರತಿದಿನ ಬೆಳಿಗ್ಗೆ ಪ್ರೊಸೆಸರ್ ಹಾಕಿದ ಕೂಡಲೇ ತಾಯಿ ಮಗುವಿನ ಪಕ್ಕಕ್ಕೆ ಕೂರಬೇಕು, ತುಟಿ ಕಾಣದಂತೆ. ಮಗುವಿನ ಕೈಯಲ್ಲೊಂದು ಪ್ಲಾಸ್ಟಿಕ್ ಬಳೆ. ತಾಯಿ ಒಂದೊಂದಾಗಿ ಹೇಳುತ್ತಾಳೆ: ಮ್, ಊ, ಆ, ಈ, ಶ್, ಸ್. ಕೇಳಿಸಿದಾಗೆಲ್ಲ ಮಗು ಬಳೆಯನ್ನು ಡಬ್ಬಿಗೆ ಹಾಕಬೇಕು. ಈ ಆರರಲ್ಲಿ ಮಾತಿನ ಕೆಳ ಸ್ಥಾಯಿಯಿಂದ ಮೇಲಿನವರೆಗೆ ಎಲ್ಲ ಬಂತು. 'ಸ್' ಕೇಳಿಸದೆ ಬಳೆ ಕೈಯಲ್ಲೇ ಉಳಿದರೆ ಆ ಮಗುವಿಗೆ 'ಸಾರು' ಮತ್ತು 'ಆರು' ಒಂದೇ. ಆಗ ನಮ್ಮಲ್ಲಿಗೆ ಬಂದು ಮ್ಯಾಪಿಂಗ್, ಅಂದರೆ ಪ್ರೊಸೆಸರ್ ಕಳಿಸುವ ಸಂಕೇತದ ಹೊಂದಾಣಿಕೆ, ಸರಿಮಾಡಿಸಬೇಕು, ಕೆಲವೊಮ್ಮೆ ಕೇಬಲ್ ಬದಲಿಸಿದರೂ ಸಾಕು. ಮನುಷ್ಯನ ಮಿತಿ ಮೀರುವ ಕೆಲಸದ ಬಹುಪಾಲು ನಡೆಯುವುದು ಹೀಗೆ ಮನೆಯ ಜಗುಲಿಯಲ್ಲಿ, ತಾಯಂದಿರ ಕೈಯಲ್ಲಿ. ಅವರ ಬಗ್ಗೆ ಟ್ರಾನ್ಸ್‌ಹ್ಯೂಮನಿಸಂನವರು ಬರೆದದ್ದು ಸಾಲದು ಎಂಬುದು ನನ್ನ ದೂರು.

ಇನ್ನೊಂದು ಎಚ್ಚರವೂ ಬೇಕು. ಮನುಕುಲವನ್ನು ಉತ್ತಮಪಡಿಸುವ ಮಾತು ಹಿಂದೆ ಅಡ್ಡದಾರಿ ಹಿಡಿದದ್ದಿದೆ. ಟೆಲಿಫೋನಿನ ಗ್ರಹಾಂ ಬೆಲ್ ಅವರ ತಾಯಿಗೂ ಹೆಂಡತಿಗೂ ಕಿವಿ ಕೇಳಿಸುತ್ತಿರಲಿಲ್ಲ. ಹಾಗಿದ್ದೂ 1883ರಲ್ಲಿ ಅವರು ಕಿವುಡರು ಕಿವುಡರನ್ನೇ ಮದುವೆಯಾದರೆ ಕಿವುಡರದೇ ಒಂದು ಪ್ರಭೇದ ಬೆಳೆದೀತೆಂದು ವಿದ್ವತ್ಸಭೆಯಲ್ಲಿ ಆತಂಕ ತೋಡಿಕೊಂಡರು. ಸದ್ದಿನ ಮಟ್ಟ ಅಳೆಯಲು ನಾನು ದಿನವಿಡೀ ಬಳಸುವ ಡೆಸಿಬಲ್ ಅವರ ಹೆಸರಿನದೇ. ಹಕ್ಸ್‌ಲಿ ಕೂಡ ಬ್ರಿಟನ್ನಿನ ಯುಜೆನಿಕ್ಸ್ (ಆಯ್ದ ಸಂತಾನದಿಂದ ಮನುಕುಲದ ತಳಿ ಸುಧಾರಿಸಬೇಕೆನ್ನುವ ವಾದ) ಸಂಘದ ಅಧ್ಯಕ್ಷರಾಗಿದ್ದವರು. ಯಾರು ಹುಟ್ಟಬೇಕು, ಯಾರು ಹುಟ್ಟಬಾರದು ಎಂದು ವಿಂಗಡಿಸುವ ಕಡೆಗೆ ಆಶಾವಾದ ಹೊರಳಿದ ಕ್ಷಣ ನಾನು ಅದರಿಂದ ಹೊರಗೆ. ತಡವಾಗಿ ಬಂದ ಮಕ್ಕಳಿಗೆ ಸಂಜ್ಞಾಭಾಷೆ ಕಲಿಸಿ ಎಂದು ನಾನು ಮೊದಲ ಭೇಟಿಯಲ್ಲೇ ಹೇಳುತ್ತೇನೆ. ಮಗುವಿಗೆ ಭಾಷೆ ಬೇಕು. ಅದು ಕಿವಿಯಿಂದ ಬಂದರೂ ಸರಿ, ಕೈಯಿಂದ ಬಂದರೂ ಸರಿ.

ಕಾಯಬೇಕೆನ್ನುವ ಅಪ್ಪನಿಗೆ ನಾನು ಹೇಳುವುದಿಷ್ಟು: ಒಳಗಿನ ಇಂಪ್ಲಾಂಟ್ ಇದ್ದಲ್ಲೇ ಇರುತ್ತದೆ, ಹೊರಗಿನ ಪ್ರೊಸೆಸರ್ ಮುಂದೆ ಹೊಸದಕ್ಕೆ ಬದಲಾಯಿಸಬಹುದು. ಟೀಚರ್ ಕೊರಳಿಗೆ ಪುಟ್ಟ ಮೈಕ್ ಹಾಕಿದರೆ ಅವರ ದನಿ ಗದ್ದಲದ ತರಗತಿಯ ಕೊನೆ ಬೆಂಚಿನ ಮಗುವಿನ ಪ್ರೊಸೆಸರಿಗೆ ನೇರ ಬರುತ್ತದೆ. ಪಕ್ಕದ ಮಗುವಿಗೆ ಆ ಅನುಕೂಲವಿಲ್ಲ. ಕೊರತೆ ತುಂಬುವುದು ಎಲ್ಲಿ ಮುಗಿದು ಸಾಮರ್ಥ್ಯ ಹೆಚ್ಚಿಸುವುದು ಎಲ್ಲಿ ಶುರುವಾಗುತ್ತದೆಂದು ತತ್ವಜ್ಞಾನಿಗಳು ಚರ್ಚಿಸುತ್ತಲೇ ಇದ್ದಾರೆ. ಮಕ್ಕಳು ಆ ಗೆರೆ ಯಾವಾಗಲೋ ದಾಟಿದ್ದಾರೆ.

ಹೆರಿಗೆಯಾದ ಮನೆಯವರಿಗೆ: ಒಂದು ತಿಂಗಳೊಳಗೆ ಕಿವಿಯ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ದೋಷ ಖಚಿತ, ಆರು ತಿಂಗಳೊಳಗೆ ಹಿಯರಿಂಗ್ ಏಡ್ ಮತ್ತು ತರಬೇತಿ ಆಗಬೇಕು. ಮಗು ಮಲಗಿದ್ದಾಗ ಕಿವಿಗೆ ಮೆತ್ತನೆಯ ತುದಿ ಇಟ್ಟು ಮಾಡುವ ಓಎಇ ಪರೀಕ್ಷೆ ಕೆಲವೇ ನಿಮಿಷದ್ದು, ನೋವಿಲ್ಲ. ಆದರೆ ಒಟೋಫರ್ಲಿನ್ ದೋಷವಿರುವ ಮಕ್ಕಳು ಹುಟ್ಟಿದಾಗ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತಾರೆ, ಯಾಕೆಂದರೆ ಅದು ನೋಡುವುದು ಹೊರ ರೋಮಕೋಶಗಳನ್ನು, ಅವರಲ್ಲಿ ಅವು ಚೆನ್ನಾಗಿರುತ್ತವೆ. ಹೊಸ ಚಿಕಿತ್ಸೆ ಯಾರಿಗಾಗಿ ಬರುತ್ತಿದೆಯೋ ಅವರೇ ಹೀಗೆ ಕೈತಪ್ಪುತ್ತಾರೆ. ಆದ್ದರಿಂದ ಚೀಟಿಯಲ್ಲಿ 'ಪಾಸ್' ಎಂದಿದ್ದರೂ ತಟ್ಟೆ ಬಿದ್ದ ಸದ್ದಿಗೆ ಮಗು ಬೆಚ್ಚದಿದ್ದರೆ ಬೆರಾ, ಅಂದರೆ ಸದ್ದು ನರದ ಮೂಲಕ ಮಿದುಳಿನತ್ತ ತಲುಪುತ್ತಿದೆಯೇ ಎಂದು ನೋಡುವ ಪರೀಕ್ಷೆ, ಮಾಡಿಸಿ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮನೆಗಳಲ್ಲಿ, ಮೊದಲ ಮಗುವಿಗೆ ಕಿವಿ ಕೇಳದ ಮನೆಗಳಲ್ಲಿ, ಯಾವ ಅನುಮಾನಕ್ಕೂ ಕಾಯದೆ ಮಾಡಿಸಿ.