ಕಾಗದ ನೋಡಿ ರೈಫಲ್ ಕೊಳ್ಳಿ

ಪ್ರಶ್ನೆ: ನಾನು ಸಾಗರದ ಕಡೆಯವನು, ಪುಣೆಯ ಹಿಂಜವಡಿಯಲ್ಲಿ ಕೆಲಸ. ಕಾಲೇಜಿನಲ್ಲಿ ಎನ್‌ಸಿಸಿಯವರು .22 ರೈಫಲ್ (ನಳಿಗೆಯ ಒಳ ಅಗಲ 0.22 ಇಂಚು) ಹೊಡೆಸಿದ್ದರು, ಆ ರುಚಿ ಇನ್ನೂ ಬಿಟ್ಟಿಲ್ಲ. ಭಾನುವಾರ ಗುರಿ ಹೊಡೆಯುವುದಕ್ಕೆ ಒಂದು ಬೋಲ್ಟ್ ಆಕ್ಷನ್ ರೈಫಲ್, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವಂಥದ್ದು, ತಗೊಳ್ಳಬೇಕು ಅಂತಿದ್ದೇನೆ. ಜೇಬಿಗೆ ಭಾರ ಆಗಬಾರದು, ಗುರಿಯೂ ತಪ್ಪಬಾರದು. ಯಾವುದು ತಗೊಳ್ಳಲಿ? ಅದಕ್ಕೆ ಟೆಲಿಸ್ಕೋಪ್ ಬೇಕೇ?

ಉತ್ತರ: ಈ ಪ್ರಶ್ನೆ ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಆಗಲೇ ಒಂದು ಪಟ್ಟಿ ಇರುತ್ತದೆ. ಸಿಜೆಡ್ 457, ಟಿಕ್ಕಾ ಟಿ1ಎಕ್ಸ್, ಸ್ಯಾವೇಜ್ ಮಾರ್ಕ್ 2, ರೂಗರ್ ಅಮೆರಿಕನ್. ಒಳ್ಳೆಯ ರೈಫಲ್‌ಗಳೇ, ತಕರಾರಿಲ್ಲ. ಆದರೆ ಅದು ಅಮೆರಿಕದಲ್ಲಿ ಕೂತವರ ಪಟ್ಟಿ. ನಮ್ಮಲ್ಲಿ ಸಾಮಾನ್ಯ ಲೈಸೆನ್ಸುದಾರ ಹೊರದೇಶದಿಂದ ರೈಫಲ್ ತರಿಸುವ ಹಾಗಿಲ್ಲ. ರಾಷ್ಟ್ರಮಟ್ಟದ ಪಂದ್ಯದಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆ ಗೊತ್ತುಮಾಡಿದ ಅಂಕ ಹೊಡೆದು ‘ರಿನೌನ್ಡ್ ಶಾಟ್’ ಅನ್ನಿಸಿಕೊಂಡವರಿಗೆ ಆ ದಾರಿ ಉಂಟು. ಉಳಿದ ನಮ್ಮ ನಿಮ್ಮಂಥವರಿಗೆ ಎರಡೇ: ಪಶ್ಚಿಮ ಬಂಗಾಳದ ಇಛಾಪುರ ಕಾರ್ಖಾನೆಯ .22 ಸ್ಪೋರ್ಟಿಂಗ್ ರೈಫಲ್, ಇಲ್ಲವೇ ಯಾರೋ ಹೊಡೆದು ಬಿಟ್ಟ ಹಳೆಯ ಹೊರದೇಶದ ರೈಫಲ್, ಬ್ರನೋ, ಆನ್‌ಶುಟ್ಜ್, ವಾಲ್ಥರ್. ಎರಡನೆಯವಕ್ಕೆ ಇಲ್ಲಿ ಕೇಳುವ ಬೆಲೆ ಅವುಗಳ ತವರಿನ ಬೆಲೆಯ ಎಷ್ಟೋ ಪಟ್ಟು. ಹಾಗಾಗಿ ‘ಯಾವ ಕಂಪನಿಯದು’ ಅನ್ನುವುದಕ್ಕಿಂತ ‘ಎದುರಿಗಿರುವ ಈ ಒಂದು ಹೇಗಿದೆ’ ಅನ್ನುವುದೇ ನಿಮ್ಮ ಮುಂದಿರುವ ಪ್ರಶ್ನೆ.

ಅದಕ್ಕೂ ಮುಂಚೆ ಲೈಸೆನ್ಸಿನ ಮಾತು ಮುಗಿಸಿಬಿಡೋಣ. ಊರಲ್ಲಿ ಅಪ್ಪನ ಹೆಸರಲ್ಲಿ ಬೆಳೆ ಕಾಯುವ ಕೋವಿಗೆ ಲೈಸೆನ್ಸ್ ಇದ್ದರೆ ಅದು ಅಪ್ಪನದೇ, ಪುಣೆಗೆ ತಂದು ನಿಮ್ಮದು ಮಾಡಿಕೊಳ್ಳಲು ಬರುವುದಿಲ್ಲ. ಪೊಲೀಸ್ ಕಮಿಷನರೇಟ್ ಇರುವ ಕಡೆ ಅರ್ಜಿ ಕಮಿಷನರ್‌ಗೆ, ಅದರಾಚೆ ಜಿಲ್ಲಾಧಿಕಾರಿಗೆ. ‘ಕ್ರೀಡೆಗಾಗಿ’ ಎಂದು ಬರೆದರೆ ಮೊದಲು ಕೇಳುವುದು ಯಾವ ಕ್ಲಬ್ಬಿನ ಸದಸ್ಯರು ಅಂತ. ಲೈಸೆನ್ಸ್ ಬಂದರೆ 5 ವರ್ಷ ನಡೆಯುತ್ತದೆ, 2019ರ ತಿದ್ದುಪಡಿಗೆ ಮುಂಚೆ 3 ವರ್ಷ ಇತ್ತು. ಚುನಾವಣೆ ಬಂದಾಗ ಠಾಣೆಯಲ್ಲಿ ಬಂದೂಕು ಜಮಾ ಮಾಡುವ ಶಾಸ್ತ್ರವೂ ಇದೆ. ಮಹಾರಾಷ್ಟ್ರದಲ್ಲಿ ಒಂದಲ್ಲ ಒಂದು ಚುನಾವಣೆ ನಡೆಯುತ್ತಲೇ ಇರುತ್ತದೆ.

ಕ್ಲಬ್ಬಿನ ಮಾತು ಬರೀ ಕಾಗದಪತ್ರದ್ದಲ್ಲ. ಮುಳಶಿ ಕಡೆ ಗೆಳೆಯನ ಫಾರ್ಮ್‌ಹೌಸ್ ಇದೆ, ಅಲ್ಲೇ ಹೊಡೆದರಾಯಿತು ಅನ್ನುವವರನ್ನು ಕಂಡಿದ್ದೇನೆ. .22 ಗುಂಡು ಸಣ್ಣದು ನಿಜ, ತೂಕ 2.6 ಗ್ರಾಂ. ಆದರೆ ನಳಿಗೆ ಮೇಲಕ್ಕಿದ್ದರೆ ಒಂದೂವರೆ ಕಿಲೋಮೀಟರ್‌ವರೆಗೂ ಹೋಗಿ ಬೀಳಬಹುದು. ಅಲ್ಲಿ ಯಾರ ಎಮ್ಮೆ ಮೇಯುತ್ತಿದೆಯೋ, ಯಾರ ಮಗು ಆಡುತ್ತಿದೆಯೋ. ರೇಂಜ್ ಬಿಟ್ಟು ಬೇರೆ ಕಡೆ ಹೊಡೆಯುವ ಯೋಚನೆಯೇ ಬೇಡ. ನಿಮಗೆ ಬಾಳೇವಾಡಿಯ ರೇಂಜೇ ಹತ್ತಿರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್ ರೈಫಲ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಪಂದ್ಯ) ಕಂಚು ಗೆದ್ದ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಪಳಗಿದ್ದು ಅಲ್ಲೇ. ಮುಂಬಯಿಯವರಿಗೆ ವರಳಿಯ ರೈಫಲ್ ಅಸೋಸಿಯೇಷನ್ ಇದೆ.

ಇನ್ನು ‘ಗುರಿ ತಪ್ಪಬಾರದು’ ಅಂದಿರಲ್ಲ, ಅದಕ್ಕೊಂದು ಅಳತೆ ಇಟ್ಟುಕೊಳ್ಳೋಣ. 50 ಮೀಟರ್ ಗುರಿಕಾಗದದಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು. ಗುಂಡಿನ ಅಗಲ 5.6. ಗುಂಡಿನ ಅಂಚು ವೃತ್ತಕ್ಕೆ ತಾಗಿದರೂ ಹತ್ತೇ. ಲೆಕ್ಕ ಹಾಕಿದರೆ, ಹೊಡೆದ ಗುಂಡುಗಳ ನಡುಬಿಂದುಗಳೆಲ್ಲ 16 ಮಿ.ಮೀ. ಅಗಲದ ವೃತ್ತದೊಳಗೆ ಕೂತರೆ ಸಾಕು, ಎಲ್ಲವೂ ಹತ್ತು. ಮರಳುಚೀಲದ ಮೇಲಿಟ್ಟು ಹೊಡೆದಾಗ ಅಷ್ಟು ಕೊಡುವ ರೈಫಲ್ ಇದ್ದರೆ ಉಳಿದ ತಪ್ಪೆಲ್ಲ ನಮ್ಮದೇ. 20-25 ಮಿ.ಮೀ. ಕೊಟ್ಟರೂ ಮೊದಲ ಎರಡು ವರ್ಷಕ್ಕೆ ಧಾರಾಳ. ಮಾರುವವರು ಜೇಬಿನಿಂದ ತೆಗೆದು ತೋರಿಸುವ ಐದು ಗುಂಡಿನ ಒಂದು ಚೆಂದದ ಗ್ರೂಪನ್ನು (ಕಾಗದದ ಮೇಲೆ ಬಿದ್ದ ತೂತುಗಳ ಗುಂಪನ್ನು) ಮಾತ್ರ ನಂಬಬೇಡಿ, ಅಂಥದ್ದು ಯಾವ ರೈಫಲ್ಲಿಗೂ ಒಮ್ಮೆ ಬಿದ್ದೇ ಬೀಳುತ್ತದೆ. ನಿಮ್ಮೆದುರಿಗೇ ಐದೈದರಂತೆ ಐದು ಗ್ರೂಪ್ ಹೊಡೆಯಲಿ. ಕೆಟ್ಟದ್ದನ್ನೂ ಸೇರಿಸಿ ಸರಾಸರಿ ನೋಡಿ.

ಮತ್ತೆ ಅದು ಯಾವ ತೋಟೆಯಲ್ಲಿ ಹೊಡೆದದ್ದು ಅಂತ ಕೇಳಿ. ಇಲ್ಲಿ ಬಹಳ ಜನ ಎಡವುತ್ತಾರೆ. .22ರ ತೋಟೆಗೆ ಬೇರೆ ಕ್ಯಾಪ್ ಇರುವುದಿಲ್ಲ, ಕಿಡಿಮದ್ದನ್ನು ತಳದ ಅಂಚಿನ ಮಡಿಕೆಯೊಳಗೇ ಹರಡಿರುತ್ತಾರೆ, ಇದಕ್ಕೇ ರಿಮ್‌ಫೈರ್ ಅನ್ನುವುದು. ಆ ಹರಡುವಿಕೆ ಒಂದು ತೋಟೆಯಿಂದ ಇನ್ನೊಂದಕ್ಕೆ ಚೂರು ಬದಲಾದರೂ ವೇಗ ಬದಲಾಗುತ್ತದೆ. ಸೆಕೆಂಡಿಗೆ 320 ಮೀಟರ್ ವೇಗದಲ್ಲಿ ಹೊರಡಬೇಕಾದ ಗುಂಡು 310ರಲ್ಲಿ ಹೊರಟರೆ 50 ಮೀಟರ್ ದೂರದಲ್ಲಿ ಏಳೆಂಟು ಮಿ.ಮೀ. ಕೆಳಗೆ ಬೀಳುತ್ತದೆ. ಹತ್ತು ಇದ್ದದ್ದು ಒಂಬತ್ತಾಗಲು ಅಷ್ಟು ಸಾಕು. ಡಬ್ಬಿಯ ಮೇಲೆ ‘ಹೈ ವೆಲಾಸಿಟಿ’ ಅಂತ ಕಂಡು ಮರುಳಾಗಬೇಡಿ. ಅದು ಶಬ್ದದ ವೇಗ ದಾಟಿ ಹೊರಟು, ದಾರಿಯಲ್ಲಿ ಮತ್ತೆ ಅದರ ಕೆಳಗೆ ಇಳಿಯುತ್ತದೆ, ಇಳಿಯುವಾಗ ಓಲಾಡುತ್ತದೆ. ಗುರಿ ಹೊಡೆಯುವವರಿಗೆ ನಿಧಾನದ ‘ಸ್ಟ್ಯಾಂಡರ್ಡ್’ ತೋಟೆಯೇ ವಾಸಿ. ಅದರಲ್ಲೂ ಒಂದು ನಳಿಗೆಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಯಾಕೆ ಅಂದರೆ ಯಾರೂ ಪೂರ್ತಿ ಹೇಳಲಾರರು, ಹೊಡೆದೇ ನೋಡಬೇಕು. ಎರಡು ಮೂರು ಬಗೆಯ ತೋಟೆ ಹೊಡೆದು ನೋಡದೆ ರೈಫಲ್ಲಿಗೆ ಒಳ್ಳೆಯದು ಕೆಟ್ಟದು ಅಂತ ಹೆಸರಿಡಬಾರದು.

ಹಳೆಯದನ್ನು ಕೊಳ್ಳುವಾಗ ನಾನು ಜೊತೆಗೆ ಒಯ್ಯುವುದು ಮೂರು: ಒಂದು ಸಣ್ಣ ಟಾರ್ಚು, ಕಿವಿಗೆ ಹಾಕುವ ಹತ್ತಿಕಡ್ಡಿ, ಒಂದು ಹತ್ತು ರೂಪಾಯಿ ನೋಟು. ರೈಫಲ್ ಖಾಲಿ ಎಂದು ನೀವೇ ಬೋಲ್ಟ್ ತೆಗೆದು ನೋಡಿಕೊಳ್ಳಿ. ‘ಖಾಲಿ ಇದೆ ಸಾರ್’ ಅನ್ನುವ ಮಾತಿಗೆ ಬೆಲೆಯಿಲ್ಲ. ಆಮೇಲೆ ನಳಿಗೆಯ ಬಾಯಿಯ ಒಳ ಅಂಚಿನಲ್ಲಿ ಹತ್ತಿಕಡ್ಡಿಯನ್ನು ಮೆಲ್ಲಗೆ ಸುತ್ತ ಆಡಿಸಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಪೆಟ್ಟು ಬಿದ್ದಿದೆ. ಗುಂಡು ಕೊನೆಯದಾಗಿ ಮುಟ್ಟಿ ಹೋಗುವ ಜಾಗ ಅದು, ಅಲ್ಲಿ ಪೆಟ್ಟಾಗಿದ್ದರೆ ಗ್ರೂಪ್ ಬಿಚ್ಚಿಕೊಳ್ಳುತ್ತದೆ. ತೋಟೆ ಕೂರುವ ಚೇಂಬರಿನ ಅಂಚಿಗೆ ಟಾರ್ಚು ಹಿಡಿಯಿರಿ. ಖಾಲಿ ರೈಫಲ್ಲಿನ ಕುದುರೆ (ಟ್ರಿಗರ್) ಎಳೆದೆಳೆದು ಆಟವಾಡಿದ್ದರೆ ಪಿನ್ನು ಕುಟ್ಟಿದ ಗುಳಿ ಅಲ್ಲಿ ಕಾಣುತ್ತದೆ.

ನೋಟಿನ ಕಥೆ ಬೇರೆ. ಕೆಲವು ವರ್ಷದ ಹಿಂದೆ ನಮ್ಮ ಕ್ಲಬ್ಬಿನ ಹಿರಿಯರೊಬ್ಬರಿಂದ ಒಂದು ಹಳೆಯ ಬ್ರನೋ ತಗೊಂಡೆ. ಏಪ್ರಿಲ್‌ನಲ್ಲಿ ನೋಡಿದಾಗ ಗುಂಡುಗಳನ್ನೆಲ್ಲ ಒಂದು ರೂಪಾಯಿ ನಾಣ್ಯದಷ್ಟು ಜಾಗದೊಳಗೆ ಕೂರಿಸುತ್ತಿತ್ತು. ಪೊಲೀಸರ ಕಡೆಯ ಕಾಗದ ಮುಗಿದು ಮನೆಗೆ ಬಂದದ್ದು ಜುಲೈನಲ್ಲಿ, ಆಗ ನೋಡಿದರೆ ಗ್ರೂಪ್ 40 ಮಿ.ಮೀ. ತೋಟೆ ಬದಲಿಸಿದೆ, ಸ್ಕ್ರೂ ಬಿಗಿ ಮಾಡಿದೆ, ಕನ್ನಡಕದ ನಂಬರು ಸಹ ತೋರಿಸಿಕೊಂಡು ಬಂದೆ. ಮೋಸ ಮಾಡಿದರು ಅಂತ ಮನಸ್ಸಲ್ಲೇ ಆ ಹಿರಿಯರನ್ನು ಬೈದದ್ದೂ ಆಯಿತು. ಕೊನೆಗೆ ಅವರೇ ಬಂದು, ನಳಿಗೆಗೂ ಅದರಡಿಯ ಮರಕ್ಕೂ ನಡುವೆ ಹತ್ತು ರೂಪಾಯಿ ನೋಟು ತೂರಿಸಿ ಹಿಂದಕ್ಕೆ ಎಳೆದರು. ಬೆರಳುದ್ದ ಹೋಗಿ ಎಡಗಡೆ ನಿಂತುಬಿಟ್ಟಿತು. ‘ಮರ ಮಳೆ ಕುಡಿದಿದೆ ತಮ್ಮಾ’ ಅಂದರು. ಪುಣೆಯ ಮಳೆಗೆ ಉಬ್ಬಿದ ಮರ ನಳಿಗೆಯನ್ನು ಒಂದು ಪಕ್ಕದಿಂದ ಒತ್ತುತ್ತಿತ್ತು. ದುಂಡನೆಯ ಕೋಲಿಗೆ ಉಜ್ಜುಕಾಗದ ಸುತ್ತಿ ಒಂದು ಸಂಜೆ ಕೂತು ತೀಡಿ, ಎಣ್ಣೆ ಹಚ್ಚಿದೆ. ಮುಂದಿನ ಭಾನುವಾರ 18ಕ್ಕೆ ಬಂತು. ಆದರೆ ನೋಟು ನಿಂತ ಕೂಡಲೇ ಉಜ್ಜುಕಾಗದ ಹಿಡಿಯಬೇಡಿ. ಮಿಲಿಟರಿ ಮಾದರಿಯ ಕೆಲವು ಹಳೆಯ .22ಗಳಲ್ಲಿ ಮರ ನಳಿಗೆಗೆ ತಾಗಿರುವಂತೆಯೇ ಮಾಡಿರುತ್ತಾರೆ. ಬಲ್ಲವರನ್ನು ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಧಿಕಪ್ರಸಂಗದ ಮಾತು: ಈ ವರ್ಷ .22 ಕೊಳ್ಳಲೇಬೇಡಿ. ವಾರಕ್ಕೆ ಐವತ್ತರ ಒಂದು ಡಬ್ಬಿ ಅಂದರೂ ವರ್ಷಕ್ಕೆ 2,600 ತೋಟೆ ಆಯಿತು. ಸಾಮಾನ್ಯ ಲೈಸೆನ್ಸಿನ ಕೋಟಾ ಅದಕ್ಕೆ ಎಲ್ಲಿ ಸಾಲುತ್ತದೆ? ಅದರ ಬದಲು .177 ಏರ್ ರೈಫಲ್ ತಗೊಳ್ಳಿ. 20 ಜೌಲ್ ಮೀರದ್ದಾದರೆ ಲೈಸೆನ್ಸ್ ಬೇಡ, ಗುರುತಿನ ಚೀಟಿ ತೋರಿಸಿದರೆ ಅಂಗಡಿಯಲ್ಲೇ ಕೊಡುತ್ತಾರೆ. ಹತ್ತು ಮೀಟರ್ ಗುರಿಯ ಹತ್ತು ಅಂಕ ಬರೀ ಅರ್ಧ ಮಿ.ಮೀ. ಚುಕ್ಕೆ. ಉಸಿರು, ಕುದುರೆ, ಹೊಡೆದ ಮೇಲೂ ಅಲುಗದೆ ನಿಲ್ಲುವುದು, ಎಲ್ಲ ಅದರಲ್ಲೇ ಕಲಿಯಬಹುದು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ಮುಂಬಯಿ ಕಡೆ ನೆಲೆಸಿದ ನಮ್ಮ ಸುಮಾ ಶಿರೂರು 2004ರ ಅಥೆನ್ಸ್ ಒಲಿಂಪಿಕ್ಸ್ ಫೈನಲ್ಲಿಗೆ ಹೋದದ್ದು ಏರ್ ರೈಫಲ್‌ನಲ್ಲೇ. .22ರ ಆಸೆ ತಡೆಯದಿದ್ದರೆ ಕ್ಲಬ್ಬಿನ ರೈಫಲ್ಲಿನಲ್ಲಿ, ಅಲ್ಲಿಯ ತೋಟೆಯಲ್ಲೇ ಹೊಡೆಯಿರಿ. ಅಷ್ಟರಲ್ಲಿ ಕ್ಲಬ್ಬಿನಲ್ಲಿ ಯಾರ ರೈಫಲ್ ಹೇಗೆ ಹೊಡೆಯುತ್ತದೆ, ಯಾರು ಮಾರುವ ಯೋಚನೆಯಲ್ಲಿದ್ದಾರೆ ಅಂತ ನಿಮಗೇ ಗೊತ್ತಾಗುತ್ತದೆ. ನನ್ನ ಬ್ರನೋ ಸಿಕ್ಕಿದ್ದು ಹಾಗೇ.

ಪತ್ರದ ಕೊನೆಯಲ್ಲಿ ಟೆಲಿಸ್ಕೋಪ್ ಬೇಕೇ ಎಂದೂ ಕೇಳಿದ್ದೀರಿ. ಪಂದ್ಯದ ಆಸೆಯಿದ್ದರೆ ಬೇಡ, 50 ಮೀಟರ್ ಒಲಿಂಪಿಕ್ ಪಂದ್ಯಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಬರೀ ಖುಷಿಗಾದರೆ ಹಾಕಿಸಿ, ಆದರೆ ದೊಡ್ಡ ರೈಫಲ್ಲಿಗೆಂದು ಮಾಡಿದ್ದು ಬೇಡ. ಅವುಗಳಲ್ಲಿ ಬಹಳಷ್ಟನ್ನು ನೂರು ಗಜಕ್ಕೆ ಹೊಂದಿಸಿರುತ್ತಾರೆ, 50 ಮೀಟರಿನಲ್ಲಿ ಕಣ್ಣು ತುಸು ಸರಿದರೂ ಟೆಲಿಸ್ಕೋಪಿನೊಳಗಿನ ಕೂದಲಗೆರೆ (ಕ್ರಾಸ್‌ಹೇರ್) ಗುರಿಯ ಮೇಲೆ ಜಾರುತ್ತದೆ. ರಿಮ್‌ಫೈರ್‌ಗೆಂದೇ ಮಾಡಿದ್ದನ್ನು ಕೇಳಿ ತಗೊಳ್ಳಿ.